ಆ ಆರನೇ ಓಟ ಬೇಕಿರಲಿಲ್ಲ

ಸ್ಪ್ರಿಂಟರ್‌ಗಳಿಗೆ ಅಂತ ನಾನು ಬರೆದ ಮೊದಲ ಪ್ರೋಗ್ರಾಂ ಈಗಲೂ ನನ್ನ ಹತ್ತಿರ ಇದೆ. ಹನ್ನೆರಡು ವಾರ, ವಾರಕ್ಕೆ ಆರು ದಿನ. ಭಾನುವಾರ ಬಿಟ್ಟರೆ ಒಂದು ಚೌಕವೂ ಖಾಲಿ ಇಲ್ಲ. ಜೋರು ಓಟಕ್ಕೆ ಕೆಂಪು, ಜಿಮ್‌ಗೆ ಹಸಿರು, ಡ್ರಿಲ್‌ಗಳಿಗೆ ನೀಲಿ. ಮೂರು ರಾತ್ರಿ ಕೂತು ಮಾಡಿದ್ದು. ನೋಡೋಕೆ ಚೆನ್ನಾಗೇ ಇದೆ. ಆದರೆ ಇಟ್ಟುಕೊಂಡಿರುವುದು ಚೆಂದಕ್ಕಲ್ಲ. ಏಳನೇ ವಾರದ ಬುಧವಾರದ ಚೌಕದಲ್ಲಿ ‘60 ಮೀಟರ್ × 8’ ಅಂತ ಬರೆದಿದೆ. ಆ ಎಂಟರಲ್ಲಿ ಆರನೆಯದು ಮುಗಿಯಲೇ ಇಲ್ಲ.

ನಾನು ಓಡುತ್ತಿದ್ದದ್ದು 400 ಮೀಟರ್. ನನಗೆ ಸಿಕ್ಕಿದ ತರಬೇತಿ ಅಂದರೆ ವಾಂತಿ ಬರುವಷ್ಟು ಓಡುವುದು. 300 ಮೀಟರ್ ಐದು ಸಲ, ನಡುವೆ ಮೂರು ನಿಮಿಷ. ಮುಗಿಸಿ ಹುಲ್ಲಿನ ಮೇಲೆ ಬಿದ್ದುಕೊಂಡರೆ ಅವತ್ತು ಒಳ್ಳೇ ಪ್ರಾಕ್ಟೀಸ್ ಆಯಿತು ಅಂತ ಲೆಕ್ಕ. ಕೋಚ್ ಆದಾಗ ನನ್ನ ತಲೆಯಲ್ಲಿದ್ದ ಅಳತೆಗೋಲು ಅದೊಂದೇ. 100 ಮೀಟರ್ ಓಡುವವರಿಗೆ ಪ್ರೋಗ್ರಾಂ ಬರೆಯಬೇಕು ಅಂದಾಗ ನಾನು ಓಡಿದ್ದನ್ನೇ ಸ್ವಲ್ಪ ಗಿಡ್ಡ ಮಾಡಿ ಬರೆದೆ. ದೂರ ಕಡಿಮೆ, ಸುಸ್ತು ಅಷ್ಟೇ.

ನಾಲ್ಕು ಜನ ಇದ್ದರು. ಒಬ್ಬ ಉದ್ದ ಕಾಲಿನ ಹುಡುಗ. ಸ್ಟಾರ್ಟ್ ಕೆಟ್ಟದು, ಆದರೆ 50 ಮೀಟರ್ ದಾಟಿದ ಮೇಲೆ ಅವನನ್ನು ಹಿಡಿಯುವುದು ಕಷ್ಟ. ಇನ್ನೊಬ್ಬಳು ಅವನಿಗೆ ಪೂರ್ತಿ ಉಲ್ಟಾ. ಗಿಡ್ಡ, ಗಟ್ಟಿ ಕಾಲು, ಓಟದ ಶುರುವಿನಲ್ಲಿ ಪಾದ ಊರುವ ಬ್ಲಾಕ್‌ನಿಂದ ಕಲ್ಲು ಎಸೆದ ಹಾಗೆ ಹೊರಡುತ್ತಾಳೆ, 60 ಆದ ಮೇಲೆ ಎಲ್ಲರೂ ಅವಳನ್ನು ದಾಟುತ್ತಾರೆ. ಮೂರನೆಯವನು 200 ಮೀಟರ್ ಹುಡುಗ, ಎಂಥದ್ದು ಹೇಳಿದರೂ ‘ಆಯ್ತು ಸಾರ್’ ಅನ್ನುವವನು. ನಾಲ್ಕನೆಯವಳು ಟ್ರ್ಯಾಕ್‌ಗೆ ಬಂದು ಆರು ತಿಂಗಳಾಗಿದ್ದ ಹೊಸ ಹುಡುಗಿ.

ಈ ಹೊಸ ಹುಡುಗಿಯೇ ನನ್ನನ್ನು ದಾರಿ ತಪ್ಪಿಸಿದ್ದು. ತಪ್ಪು ಅವಳದ್ದಲ್ಲ ಬಿಡಿ. ಮೊದಲ ನಾಲ್ಕು ವಾರದಲ್ಲೇ ಅವಳ 100 ಮೀಟರ್ ಟೈಮಿಂಗ್ ಅರ್ಧ ಸೆಕೆಂಡ್ ಇಳಿಯಿತು. ಪ್ರೋಗ್ರಾಂ ಕೆಲಸ ಮಾಡುತ್ತಿದೆ ಅಂತ ಬೀಗಿದೆ. ಹೊಸಬರಿಗೆ ಏನು ಕೊಟ್ಟರೂ ಟೈಮಿಂಗ್ ಇಳಿಯುತ್ತದೆ, ಮೆಟ್ಟಿಲು ಹತ್ತಿಸಿದರೂ ಇಳಿಯುತ್ತದೆ. ಅದು ನನಗೆ ಹೊಳೆದದ್ದು ಆಮೇಲೆ. ಮಿಕ್ಕ ಮೂವರ ಟೈಮಿಂಗ್ ಇದ್ದಲ್ಲೇ ಇತ್ತು. ಐದನೇ ವಾರದಲ್ಲಿ ಉದ್ದ ಕಾಲಿನ ಹುಡುಗನದು ಏರಿತು ಕೂಡ. ‘ಲೋಡ್ ಬೀಳ್ತಾ ಇದೆ, ಸರಿ ಹೋಗುತ್ತೆ’ ಅಂತ ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಆ ಬುಧವಾರ 200 ಮೀಟರ್ ಹುಡುಗ ವಾರ್ಮ್ ಅಪ್‌ನಲ್ಲೇ ತೊಡೆಯ ಹಿಂಬದಿಯನ್ನು ಎರಡು ಮೂರು ಸಲ ಮುಷ್ಟಿಯಿಂದ ಗುದ್ದಿಕೊಂಡ. ನೋಡಿದೆ. ‘ಏನೋ, ಹಿಡಿದಿದೆಯಾ?’ ಅಂದೆ. ‘ಇಲ್ಲ ಸಾರ್, ಸ್ವಲ್ಪ ಬಿಗಿ ಅಷ್ಟೇ’ ಅಂದ. ಹಿಂದಿನ ದಿನ ಅವರಿಗೆ 150 ಮೀಟರ್ ಓಟ ಇತ್ತು, ಅದರ ಹಿಂದಿನ ದಿನ ಜಿಮ್‌ನಲ್ಲಿ ಭಾರ ಹೊತ್ತು ಕೂತು ಏಳುವ ಸ್ಕ್ವಾಟ್. ಬಿಗಿ ಆಗದೆ ಇನ್ನೇನಾಗುತ್ತೆ? ಆದರೆ ಹಾಳೆಯಲ್ಲಿ ಎಂಟು ಅಂತ ಇತ್ತು. ಮೂರನೇ ಓಟದಿಂದಲೇ ಅವನ ಹೆಜ್ಜೆಯ ಸದ್ದು ಬದಲಾಗಿತ್ತು. ಚೆನ್ನಾಗಿ ಓಡುವಾಗ ಸ್ಪೈಕ್ಸ್ (ಮೊಳೆ ಶೂ) ಸದ್ದು ಚುಟುಕಾಗಿ, ಟಕ್ ಟಕ್ ಅಂತ ಬರುತ್ತದೆ. ಈಗ ಪಾದ ನೆಲವನ್ನು ಸವರಿದ ಹಾಗೆ ಕೇಳುತ್ತಿತ್ತು. ಆರನೇ ಓಟದಲ್ಲಿ, 40 ಮೀಟರ್ ಹತ್ತಿರ, ಯಾರೋ ಹಿಂದಿನಿಂದ ಹೊಡೆದ ಹಾಗೆ ಅವನು ಕೈ ಹಿಂದಕ್ಕೆ ಹಾಕಿ ತೊಡೆ ಹಿಡಿದುಕೊಂಡ. ಎರಡು ಹೆಜ್ಜೆ ಕುಂಟಿ ಕೂತುಬಿಟ್ಟ. ಹತ್ತಿರ ಓಡಿ ಹೋದಾಗ ಅವನು ಹೇಳಿದ ಮೊದಲ ಮಾತು: ‘ಇನ್ನೆರಡು ಬಾಕಿ ಇತ್ತಲ್ಲ ಸಾರ್.’

ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಹರಿಯುವುದು ಹೇಗೆ ಅಂತ ಆ ಮೇಲೆ ಕೂತು ಓದಿದೆ. ಪೂರ್ತಿ ವೇಗದಲ್ಲಿ ಕಾಲು ಮುಂದಕ್ಕೆ ಬೀಸಿ ಬರುತ್ತದೆ. ನೆಲ ಮುಟ್ಟುವ ಸ್ವಲ್ಪ ಮುಂಚೆ, ಮೊಣಕಾಲಿನ ಕೆಳಗಿನ ಭಾಗ ಮುಂದಕ್ಕೆ ಚಾಚಿಕೊಳ್ಳುವುದನ್ನು ಈ ಸ್ನಾಯು ಹಿಡಿದು ನಿಲ್ಲಿಸಬೇಕು. ಅಂದರೆ ಉದ್ದ ಆಗುತ್ತಲೇ ಬ್ರೇಕ್ ಹಾಕಬೇಕು. ಸುಸ್ತಾದ ಸ್ನಾಯುವಿಗೆ ಆ ಬ್ರೇಕ್ ಸರಿಯಾದ ಹೊತ್ತಿಗೆ ಹಾಕೋಕೆ ಆಗುವುದಿಲ್ಲ. ನಾನು ಮಾಡಿದ್ದೇನು? ಎರಡು ದಿನ ಸಾಲಾಗಿ ಅದೇ ಸ್ನಾಯುವನ್ನು ದಣಿಸಿ, ಮೂರನೇ ದಿನ ಪೂರ್ತಿ ವೇಗ ಕೇಳಿದ್ದೆ.

ಹಾಳೆಯನ್ನು ಅವತ್ತು ರಾತ್ರಿ ಹರಿಯಲಿಲ್ಲ. ಪೆನ್ಸಿಲ್ ತಗೊಂಡು ಒಂದೊಂದು ಚೌಕದ ಪಕ್ಕದಲ್ಲೂ ಬರೆಯುತ್ತಾ ಹೋದೆ: ‘ಇದು ಯಾಕೆ?’ ಎಪ್ಪತ್ತೆರಡು ಚೌಕಗಳಲ್ಲಿ ಇಪ್ಪತ್ತಕ್ಕೂ ನೆಟ್ಟಗೆ ಉತ್ತರ ಕೊಡೋಕೆ ಆಗಲಿಲ್ಲ. ಜಾಸ್ತಿ ಚೌಕಗಳಿಗೆ ಇದ್ದ ಕಾರಣ ಒಂದೇ. ಅವತ್ತು ಏನೂ ಇಲ್ಲದಿದ್ದರೆ ಚೆನ್ನಾಗಿರಲ್ಲ, ಅಷ್ಟೇ.

ಎರಡನೇ ಸಲ ಶುರು ಮಾಡಿದ್ದು ಹಾಳೆಯಿಂದ ಅಲ್ಲ, ಓಟದಿಂದ. 100 ಮೀಟರ್ ಅನ್ನೋದು ಒಂದು ಓಟ ಅಲ್ಲ, ಮೂರು ನಾಲ್ಕು ಬೇರೆ ಬೇರೆ ಕೆಲಸಗಳ ಸರಪಳಿ. ಬ್ಲಾಕ್ ಬಿಡುವುದು, ವೇಗ ಏರಿಸುವುದು, ತುದಿ ವೇಗ ಮುಟ್ಟುವುದು, ಮುಟ್ಟಿದ್ದನ್ನು ಆದಷ್ಟು ಹೊತ್ತು ಬಿಡದಿರುವುದು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡ್‌ನಲ್ಲಿ ಓಡಿದ್ದನ್ನು ತುಂಡು ತುಂಡಾಗಿ ಅಳೆದ ಲೆಕ್ಕ ಇದೆ. ಪ್ರತಿ 20 ಮೀಟರ್‌ಗೆ: 2.89, 1.75, 1.67, 1.61, 1.66. ಕೊನೆಯ ಎರಡು ಅಂಕಿ ನೋಡಿ. ಜಗತ್ತಿನ ಅತಿ ವೇಗದ ಮನುಷ್ಯನೂ ಕೊನೆಯ 20 ಮೀಟರ್‌ನಲ್ಲಿ ನಿಧಾನ ಆಗಿದ್ದಾನೆ. ಕೊನೆಯಲ್ಲಿ ಬೇರೆಯವರನ್ನು ಬಿಟ್ಟು ಹಾರಿ ಹೋಗುವ ಹಾಗೆ ಕಾಣುವುದು ಅವರು ಅವನಿಗಿಂತ ಜಾಸ್ತಿ ನಿಧಾನ ಆಗುವುದರಿಂದ. ಈ ಸಾಲನ್ನು ನಾಲ್ವರಿಗೂ ತೋರಿಸಿದೆ. ಗಿಡ್ಡ ಹುಡುಗಿ ಸುಮಾರು ಹೊತ್ತು ನೋಡಿ, ‘ಹಾಗಾದ್ರೆ ನಾನು ಕೊನೇಲಿ ನಿಧಾನ ಆಗೋದು ನಾರ್ಮಲ್ಲಾ ಸಾರ್?’ ಅಂದಳು. ‘ನಿಧಾನ ಆಗೋದು ನಾರ್ಮಲ್. ನಿನ್ನಷ್ಟು ಆಗೋದಲ್ಲ’ ಅಂದೆ. ನಕ್ಕಳು.

ಆಮೇಲೆ ಅಳತೆ. ಓಟಗಾರ ದಾಟಿದ ಹೊತ್ತನ್ನು ತಾನೇ ಹಿಡಿಯುವ ಎಲೆಕ್ಟ್ರಾನಿಕ್ ಟೈಮಿಂಗ್ ಗೇಟ್ ಒಂದು ಜೊತೆ ಎರವಲು ತಂದೆ. ಅಲ್ಲಿವರೆಗೆ ಎಲ್ಲ ಸ್ಟಾಪ್‌ವಾಚ್‌ನಲ್ಲೇ ನಡೆದಿತ್ತು. ಕೈಯಲ್ಲಿ ಹಿಡಿದ ಟೈಮಿಂಗ್ ಯಾವಾಗಲೂ ಓಟಗಾರನಿಗೆ ಲಂಚ ಕೊಡುತ್ತದೆ. 100 ಮೀಟರ್‌ನ ಕೈ ಟೈಮಿಂಗ್ ಅನ್ನು ಎಲೆಕ್ಟ್ರಾನಿಕ್‌ಗೆ ಹೋಲಿಸಬೇಕಾದರೆ 0.24 ಸೆಕೆಂಡ್ ಸೇರಿಸುವುದು ವಾಡಿಕೆ. ಉದ್ದ ಕಾಲಿನ ಹುಡುಗ ತಾನು 11.0 ಓಡುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಎಲೆಕ್ಟ್ರಾನಿಕ್‌ನಲ್ಲಿ ಅವನದು 11.34. ಆ ದಿನ ಅವನು ಯಾರ ಹತ್ತಿರವೂ ಮಾತಾಡಲಿಲ್ಲ.

ಪರೀಕ್ಷೆ ಮೂರೇ ಇಟ್ಟುಕೊಂಡೆ. ನಿಂತಲ್ಲಿಂದ 30 ಮೀಟರ್. ‘ಫ್ಲೈಯಿಂಗ್ 30’, ಅಂದರೆ 30 ಮೀಟರ್ ಓಡಿ ವೇಗ ಏರಿಸಿಕೊಂಡು ಬಂದು ಮುಂದಿನ 30ನ್ನು ಮಾತ್ರ ಅಳೆಯುವುದು. ಮತ್ತೆ 150 ಮೀಟರ್. ಮೊದಲನೆಯದು ವೇಗ ಏರಿಸುವ ಶಕ್ತಿ ಹೇಳುತ್ತದೆ, ಎರಡನೆಯದು ತುದಿ ವೇಗ, ಮೂರನೆಯದು ಅದನ್ನು ಉಳಿಸಿಕೊಳ್ಳುವ ತಾಕತ್ತು. ಇನ್ನೂ ಹತ್ತು ಪರೀಕ್ಷೆ ಮಾಡಬಹುದು. ಆದರೆ ಅಳೆದದ್ದನ್ನು ನೋಡಿ ಪ್ರೋಗ್ರಾಂ ಬದಲಾಯಿಸದಿದ್ದರೆ ಅಳೆದು ಏನು ಬಂತು?

ಫಲಿತಾಂಶ ನೋಡಿ ನನಗೇ ನಾಚಿಕೆ ಆಯಿತು. ಗಿಡ್ಡ ಹುಡುಗಿ ಕೊನೆಯಲ್ಲಿ ಸೋಲುವುದು ದಮ್ಮು ಸಾಲದೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೇ ಅವಳಿಗೆ ವಾರಕ್ಕೆ ಎರಡು ಸಲ 200 ಮೀಟರ್ ಓಡಿಸುತ್ತಿದ್ದೆ. ಗೇಟ್ ಹೇಳಿದ್ದು ಬೇರೆ. ಅವಳ ಫ್ಲೈಯಿಂಗ್ 30 ಅದೇ 100 ಮೀಟರ್ ಟೈಮಿಂಗ್ ಇರುವ ಬೇರೆ ಹುಡುಗಿಯರಿಗಿಂತ ನಿಧಾನ ಇತ್ತು. ಅವಳ ತೊಂದರೆ ದಮ್ಮಲ್ಲ, ತುದಿ ವೇಗವೇ ಕಡಿಮೆ. 45 ಮೀಟರ್‌ಗೇ ಅವಳ ವೇಗದ ಖಜಾನೆ ಖಾಲಿ. ಇಷ್ಟು ದಿನ ರೋಗ ಒಂದು, ಔಷಧಿ ಒಂದು ಆಗಿತ್ತು.

ವಾರವನ್ನು ಜೋಡಿಸುವುದಕ್ಕೆ ದಾರಿ ತೋರಿಸಿದ್ದು ಕೆನಡಾದ ಚಾರ್ಲಿ ಫ್ರಾನ್ಸಿಸ್ ಅವರ ವಿಚಾರ. ಹೌದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಓಡಿ, ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ಚಿನ್ನ ಕಳೆದುಕೊಂಡ ಬೆನ್ ಜಾನ್ಸನ್‌ನ ಕೋಚ್ ಅವರೇ. ಔಷಧದ ಕಥೆ ಆ ಹೆಸರಿಗೆ ಅಂಟಿಕೊಂಡೇ ಇರುತ್ತದೆ, ಇರಲಿ. ತರಬೇತಿಯನ್ನು ಹಂಚುವ ಅವರ ಕ್ರಮ ಮಾತ್ರ ಸರಳ: ಓಡಿದರೆ ಪೂರ್ತಿ ವೇಗದ 95 ಪರ್ಸೆಂಟ್‌ಗಿಂತ ಮೇಲೆ ಓಡಿ, ಇಲ್ಲ 75ಕ್ಕಿಂತ ಕೆಳಗೆ ಓಡಿ. ನಡುವಿನದ್ದು ಬೇಡ. ನಡುವಿನ ಓಟ ವೇಗ ಕಲಿಸುವಷ್ಟು ಜೋರೂ ಅಲ್ಲ, ಸುಸ್ತು ಆರಿಸುವಷ್ಟು ಹಗುರವೂ ಅಲ್ಲ. ನನ್ನ ಹಳೇ ಹಾಳೆಯನ್ನು ಈ ಕನ್ನಡಕ ಹಾಕಿಕೊಂಡು ನೋಡಿದರೆ ಮುಕ್ಕಾಲು ಪಾಲು ಕೆಂಪು ಚೌಕ ಆ ನಡುವಿನಲ್ಲೇ ಇತ್ತು. ಹೆಸರಿಗೆ ಸ್ಪ್ರಿಂಟ್, ಓಡಿದ್ದು 85 ಪರ್ಸೆಂಟ್.

ಹೊಸ ವಾರ ಹೀಗೆ ಬಂತು. ಸೋಮವಾರ ವೇಗ ಏರಿಸುವ ಓಟಗಳು, 20 ಮತ್ತು 30 ಮೀಟರ್, ಅದಾದ ಮೇಲೆ ಜಿಮ್. ಮಂಗಳವಾರ ಹುಲ್ಲಿನ ಮೇಲೆ ಹಗುರ ಟೆಂಪೊ, 100 ಮೀಟರ್ ಹತ್ತು ಸಲ, ಮಾತಾಡಿಕೊಂಡು ಓಡುವಷ್ಟು. ಬುಧವಾರ ತುದಿ ವೇಗ. ಗುರುವಾರ ಏನೂ ಇಲ್ಲ. ಶುಕ್ರವಾರ ಮತ್ತೆ ಹಗುರ. ಶನಿವಾರ ಉದ್ದದ ಜೋರು ಓಟ, 80ರಿಂದ 150 ಮೀಟರ್, ಎರಡು ಅಥವಾ ಮೂರು, ಆಮೇಲೆ ಜಿಮ್. ಭಾನುವಾರ ರಜೆ. ಎರಡು ಜೋರು ದಿನಗಳ ನಡುವೆ ಕನಿಷ್ಠ 48 ಗಂಟೆ. ಜಿಮ್ ಅನ್ನು ಜೋರು ಓಟದ ದಿನವೇ ಇಟ್ಟಿದ್ದಕ್ಕೆ ಹುಡುಗರಿಗೆ ಆಶ್ಚರ್ಯ. ಆದರೆ ದಣಿಯುವ ದಿನ ಪೂರ್ತಿ ದಣಿದು, ಆರುವ ದಿನ ಪೂರ್ತಿ ಆರಬೇಕು ಅಂದರೆ ಬೇರೆ ದಾರಿ ಇಲ್ಲ. ಓಟ ಮೊದಲು, ಭಾರ ಆಮೇಲೆ. ಉಲ್ಟಾ ಯಾವತ್ತೂ ಇಲ್ಲ.

ಬರೆಯುವುದು ಸುಲಭ ಆಯಿತು. ಕಷ್ಟ ಆದದ್ದು ನಡುವಿನ ವಿಶ್ರಾಂತಿ.

ಪೂರ್ತಿ ವೇಗದ ಓಟಕ್ಕೆ ಬೇಕಾದ ಇಂಧನ ಸ್ನಾಯುವಿನಲ್ಲಿ ಮೊದಲೇ ಕೂತಿರುತ್ತದೆ, ಕೆಲವೇ ಸೆಕೆಂಡ್‌ಗೆ ಆಗುವಷ್ಟು. ಅದು ಮತ್ತೆ ತುಂಬಲು ನಿಮಿಷಗಳು ಬೇಕು. ನರಗಳು ಮತ್ತೆ ಚುರುಕಾಗುವುದಕ್ಕೂ ಹೊತ್ತು ಬೇಕು. ಕೋಚ್‌ಗಳ ನಡುವೆ ಓಡಾಡುವ ಒಂದು ಮೋಟು ಲೆಕ್ಕ ಇದೆ: 10 ಮೀಟರ್ ಜೋರು ಓಟಕ್ಕೆ ಒಂದು ನಿಮಿಷ ವಿಶ್ರಾಂತಿ. 60 ಮೀಟರ್ ಓಡಿದರೆ ಆರು ನಿಮಿಷ. ಕೇಳೋಕೆ ಏನೂ ಅನ್ನಿಸಲ್ಲ. ಆದರೆ ಮೈದಾನದಲ್ಲಿ ಆರು ನಿಮಿಷ ಸುಮ್ನೆ ಇರುವುದು ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು. ಓಟ ಏಳು ಸೆಕೆಂಡ್, ಕಾಯುವುದು ಆರು ನಿಮಿಷ. ಮೂರನೇ ದಿನ ಹೊಸ ಹುಡುಗಿ ಕೇಳಿಯೇಬಿಟ್ಟಳು: ‘ಸಾರ್, ನಾವು ಓಡೋಕೆ ಬಂದಿದ್ದೀವಾ, ಕೂತ್ಕೊಳ್ಳೋಕೆ ಬಂದಿದ್ದೀವಾ?’

ಪಕ್ಕದ ಲೇನ್‌ಗಳಲ್ಲಿ ಬೇರೆ ಗುಂಪುಗಳು ಬೆವರು ಸುರಿಸಿಕೊಂಡು ಓಡುತ್ತಿರುತ್ತವೆ. ನಮ್ಮವರು ಬೆಂಚಿನ ಮೇಲೆ. ನೋಡಿದವರು ಏನಂದುಕೊಳ್ಳುತ್ತಾರೆ ಅನ್ನುವ ಅಳುಕು ಅವರಿಗಿಂತ ನನಗೇ ಜಾಸ್ತಿ ಇತ್ತು. ಒಂದೆರಡು ಸಲ ಆರು ನಿಮಿಷವನ್ನು ನಾಲ್ಕು ಮಾಡಿದೆ. ಗೇಟ್ ತಕ್ಷಣ ಹಿಡಿದುಹಾಕಿತು. ಮುಂದಿನ ಓಟಗಳು ಎಲ್ಲರಿಗೂ ನಿಧಾನ.

ಅಲ್ಲಿಂದ ಬಂತು ನಮ್ಮ ನಿಲ್ಲಿಸುವ ನಿಯಮ. ಬುಧವಾರದ ಚೌಕದಲ್ಲಿ ‘× 8’ ಅಂತ ಬರೆಯುವುದನ್ನು ಬಿಟ್ಟೆ. ಅದರ ಬದಲು ಹೀಗೆ ಬರೆದೆ: ಫ್ಲೈಯಿಂಗ್ 30, ಆ ದಿನದ ಒಳ್ಳೆಯ ಟೈಮಿಂಗ್‌ಗಿಂತ 3 ಪರ್ಸೆಂಟ್ ನಿಧಾನ ಆದ ತಕ್ಷಣ ಬಂದ್. ಮೂರು ಓಟಕ್ಕೆ ಆಗಬಹುದು, ಆರಕ್ಕೆ ಆಗಬಹುದು. ಎಷ್ಟು ಅಂತ ನನಗೂ ಮೊದಲೇ ಗೊತ್ತಿರುವುದಿಲ್ಲ.

ಒಂದು ಬುಧವಾರ ಚೆನ್ನಾಗಿ ನೆನಪಿದೆ. ಉದ್ದ ಕಾಲಿನ ಹುಡುಗ. ಶೂನ್ಯ, 30, 60ಕ್ಕೆ ಕೋನ್ ಇಟ್ಟಿದ್ದೆವು. ಮೊದಲ ಓಟ 3.09. ಎರಡನೆಯದು 3.06. ಮೂರನೆಯದು 3.04, ಅವನ ಜೀವನದಲ್ಲೇ ಅತಿ ವೇಗದ 30 ಮೀಟರ್. ನಾಲ್ಕನೆಯದು 3.05. ಅವನ ಮುಖ ನೋಡಬೇಕಿತ್ತು, ಮದುವೆ ಗಂಡಿನ ಹಾಗೆ. ಐದನೆಯದಕ್ಕೆ ಹೊರಟ. 3.04ರ ಮೇಲೆ 3 ಪರ್ಸೆಂಟ್ ಅಂದರೆ ಹೆಚ್ಚು ಕಡಿಮೆ 3.13. ನಾನು ಗೇಟ್ ನೋಡುವ ಮುಂಚೆಯೇ ಗೊತ್ತಾಯಿತು. ಎರಡನೇ ಕೋನ್ ಹತ್ತಿರ ಗಲ್ಲ ಮೇಲಕ್ಕೆ ಎದ್ದಿತು, ಕತ್ತಿನ ನರ ಉಬ್ಬಿತು, ಬಲಗೈ ಎದೆಯ ಮುಂದೆ ಅಡ್ಡ ಬರತೊಡಗಿತು. ಹೆಜ್ಜೆ ದೇಹದ ಕೆಳಗೆ ಬೀಳದೆ ಮುಂದೆ ಬೀಳುತ್ತಿತ್ತು. 3.15.

‘ಸಾಕು, ಶೂ ಬಿಚ್ಚು’ ಅಂದೆ.

‘ಸಾರ್, ಅದು ಕೌಂಟ್ ಬೇಡ. ಕಾಲು ಸ್ವಲ್ಪ ಜಾರ್ತು. ಇನ್ನೊಂದು.’

‘ಜಾರಿದ್ದಲ್ಲ ಅದು.’

‘ಒಂದೇ ಒಂದು ಸಾರ್. ಇವತ್ತು ಕಾಲು ಬರ್ತಾ ಇದೆ.’

ಕಾಲು ಬರುತ್ತಾ ಇರುವ ದಿನ ನಿಲ್ಲಿಸುವುದು ಕೋಚ್‌ಗೂ ಸುಲಭ ಅಲ್ಲ. ಬಿಟ್ಟೆ. ಎಂಟು ನಿಮಿಷ ಕಾಯಿಸಿ ಓಡಿಸಿದೆ. 3.17. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ನನ್ನ ಹೊಟ್ಟೆಯೊಳಗೆ ಆ ಏಳು ಸೆಕೆಂಡ್ ಏನಾಯಿತು ಅಂತ ನನಗೇ ಗೊತ್ತು. ಮೈದಾನದ ಅಂಚಿನಲ್ಲಿ 200 ಮೀಟರ್ ಹುಡುಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತು ಇದನ್ನೆಲ್ಲ ನೋಡುತ್ತಿದ್ದ. ಏನೂ ಹೇಳಲಿಲ್ಲ. ಅದಾದ ಮೇಲೆ ‘ಇನ್ನೊಂದು’ ಅನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ.

ತಿಂಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟೇನಿಲ್ಲ. ಮೂರು ವಾರ ಏರಿಸುವುದು, ನಾಲ್ಕನೇ ವಾರ ಅರ್ಧಕ್ಕೆ ಇಳಿಸುವುದು. ಆ ಇಳಿದ ವಾರದ ಕೊನೆಗೆ ಮೂರು ಪರೀಕ್ಷೆ. ದಣಿದ ವಾರದಲ್ಲಿ ಪರೀಕ್ಷೆ ಮಾಡಿದರೆ ಅಳೆಯುವುದು ದಣಿವನ್ನು, ಓಟವನ್ನಲ್ಲ.

ಸೀಸನ್ ಪೂರ್ತಿ ದಿಕ್ಕಿನ ಬಗ್ಗೆ ಕೋಚ್‌ಗಳಲ್ಲಿ ಹಳೇ ಜಗಳ ಇದೆ. ಗಿಡ್ಡ ದೂರದಿಂದ ಶುರು ಮಾಡಿ ಉದ್ದಕ್ಕೆ ಹೋಗಬೇಕಾ, ಉದ್ದದಿಂದ ಗಿಡ್ಡಕ್ಕೆ ಬರಬೇಕಾ? ಎರಡನೇ ದಾರಿಗೆ ದೊಡ್ಡ ಸಾಕ್ಷಿ ಮೈಕೆಲ್ ಜಾನ್ಸನ್. ಅವರ ಕೋಚ್ ಕ್ಲೈಡ್ ಹಾರ್ಟ್ ಸೀಸನ್ ಆರಂಭದಲ್ಲಿ ನಿಧಾನದ ಓಟ ಜಾಸ್ತಿ ಓಡಿಸಿ, ತಿಂಗಳು ಕಳೆದಂತೆ ಸಂಖ್ಯೆ ಇಳಿಸಿ ವೇಗ ಏರಿಸುತ್ತಾ ಬರುತ್ತಿದ್ದರು. ಜಾನ್ಸನ್ 1999ರಲ್ಲಿ ಸೆವಿಲ್‌ನಲ್ಲಿ 400 ಮೀಟರ್ 43.18 ಓಡಿದರು. ನಾನು ಓಡಿದ್ದೂ ಆ ಜಾತಿಯ ಪ್ರೋಗ್ರಾಂನಲ್ಲೇ. 400ಕ್ಕೆ ಅದು ಸರಿ ಅಂತ ಈಗಲೂ ನಂಬುತ್ತೇನೆ. 100 ಮೀಟರ್‌ನವರಿಗೆ ಮಾತ್ರ ನಾನು ಗಿಡ್ಡದಿಂದ ಉದ್ದಕ್ಕೆ ಹೋಗುತ್ತೇನೆ. ಮೊದಲು 20 ಮೀಟರ್ ಚೆನ್ನಾಗಿ ಓಡು, ಆಮೇಲೆ 30, ಆಮೇಲೆ 40, 60. ಇಲ್ಲದ ವೇಗವನ್ನು ಉಳಿಸಿಕೊಳ್ಳಲು ಕಲಿತು ಏನು ಪ್ರಯೋಜನ? 200 ಹುಡುಗನಿಗೆ ಎರಡೂ ಬೆರೆಸಿದೆ. ಅದಕ್ಕೊಂದು ಸಿದ್ಧಾಂತ ಇದೆ ಅಂತ ಸುಳ್ಳು ಹೇಳುವುದಿಲ್ಲ. ಅಂದಾಜು ಅಷ್ಟೇ.

ಜಿಮ್‌ನಲ್ಲೂ ಒಂದು ಪಾಠ ಆಯಿತು. ಗಿಡ್ಡ ಹುಡುಗಿಯ ಸ್ಕ್ವಾಟ್ ಎರಡು ತಿಂಗಳಲ್ಲಿ 15 ಕಿಲೋ ಏರಿತು. ಅವಳಿಗೂ ಖುಷಿ, ನನಗೂ ಖುಷಿ. ಫ್ಲೈಯಿಂಗ್ 30 ಇದ್ದಲ್ಲೇ ಇತ್ತು. ಕಾರಣ ಹುಡುಕಿದರೆ ಸಿಗುವುದು ಹೆಜ್ಜೆಯ ಹೊತ್ತಿನಲ್ಲಿ. ಬ್ಲಾಕ್ ಬಿಟ್ಟ ಮೊದಲ ಹೆಜ್ಜೆಗಳಲ್ಲಿ ಪಾದ ನೆಲದ ಮೇಲೆ ಸುಮಾರು 0.2 ಸೆಕೆಂಡ್ ಇರುತ್ತದೆ. ತುದಿ ವೇಗದಲ್ಲಿ ಅದು 0.1 ಸೆಕೆಂಡ್ ಆಸುಪಾಸು. ಅಷ್ಟು ಚಿಕ್ಕ ಹೊತ್ತಿನಲ್ಲಿ ನಿಧಾನದ ಸ್ಕ್ವಾಟ್ ಶಕ್ತಿ ಹೊರಗೆ ಬರೋಕೆ ಸಮಯವೇ ಇಲ್ಲ. ಶಕ್ತಿ ಅವಳಿಗೆ ಮೊದಲೇ ಬೇಕಾದಷ್ಟು ಇತ್ತು, ಅದಕ್ಕೇ ಸ್ಟಾರ್ಟ್ ಚೆನ್ನಾಗಿತ್ತು. ಕಡಿಮೆ ಇದ್ದದ್ದು ಪಾದದ ಪುಟಿತ. ಸ್ಕ್ವಾಟ್ ಅನ್ನು ಇದ್ದಷ್ಟಕ್ಕೇ ಉಳಿಸಿಕೊಂಡು, ಕಣಕಾಲು ಬಿಗಿ ಹಿಡಿದು ಜಿಗಿಯುವ ಹಾಪ್‌ಗಳು, ಉದ್ದ ಹೆಜ್ಜೆ ಹಾರುವ ಬೌಂಡಿಂಗ್ ಮತ್ತು ಪುಟ್ಟ ಹರ್ಡಲ್‌ಗಳ ಮೇಲೆ ಓಟ ಸೇರಿಸಿದೆ. ಪುಟ್ಟ ಹರ್ಡಲ್ ಓಟದಲ್ಲಿ ಮೊಣಕಾಲು ತಾನಾಗಿ ಮೇಲೆ ಬರುತ್ತದೆ, ಪಾದ ತಾನಾಗಿ ದೇಹದ ಕೆಳಗೆ ಬೀಳುತ್ತದೆ. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ.

ಬಾಯಿ ಬಿಡುವ ವಿಷಯ ಬಂತಲ್ಲ, ಉದ್ದ ಕಾಲಿನ ಹುಡುಗನ ಸ್ಟಾರ್ಟ್ ಕಥೆ ಹೇಳಬೇಕು. ಮೂರನೇ ಹೆಜ್ಜೆಗೇ ಅವನು ನೆಟ್ಟಗೆ ಎದ್ದು ನಿಲ್ಲುತ್ತಿದ್ದ. ‘ತಲೆ ಕೆಳಗೆ, ತಲೆ ಕೆಳಗೆ’ ಅಂತ ನಾನು ಒಂದು ವರ್ಷ ಕಿರುಚಿದ್ದೇನೆ. ಅವನು ಪಾಪ ತಲೆ ಕೆಳಗೆ ಹಾಕುತ್ತಿದ್ದ, ಸೊಂಟದಲ್ಲಿ ಬಗ್ಗಿ. ಬಿದ್ದ ನಾಣ್ಯ ಹುಡುಕುವವನ ಹಾಗೆ ಓಡುತ್ತಿದ್ದ. ಒಂದು ದಿನ ಬ್ಲಾಕ್ ಅನ್ನೇ ಸರಿಯಾಗಿ ನೋಡಿದೆ. ಎಲ್ಲರಿಗೂ ಹೇಳುವ ಹಾಗೆ ಮುಂದಿನ ಪೆಡಲ್ ಗೆರೆಯಿಂದ ಎರಡು ಪಾದ, ಹಿಂದಿನದು ಮೂರು ಪಾದ ದೂರ ಇತ್ತು. ಅವನ ಕಾಲಿನ ಉದ್ದಕ್ಕೆ ಅದು ಇಕ್ಕಟ್ಟು. ‘ಸೆಟ್’ ಅಂದಾಗ ಮುಂದಿನ ಮೊಣಕಾಲು 90 ಡಿಗ್ರಿಗಿಂತ ಎಷ್ಟೋ ಒಳಗೆ ಮಡಚಿರುತ್ತಿತ್ತು. ಅಲ್ಲಿಂದ ತಳ್ಳೋಕೆ ಆಗಲ್ಲ, ಮೇಲಕ್ಕೆ ಏಳೋಕೆ ಮಾತ್ರ ಆಗುತ್ತೆ. ಎರಡೂ ಪೆಡಲ್ ಅರ್ಧ ಪಾದ ಹಿಂದಕ್ಕೆ ಸರಿಸಿದೆ. ಹೇಳಿದ್ದು ಒಂದೇ ಮಾತು: ‘ನೆಲಾನ ಹಿಂದಕ್ಕೆ ತಳ್ಳು.’ ಮೊದಲ ದಿನವೇ ಐದನೇ ಹೆಜ್ಜೆಯವರೆಗೂ ಓರೆಯಾಗಿಯೇ ಹೋದ. ವರ್ಷದ ಕಿರುಚಾಟ, ಅರ್ಧ ಪಾದದ ಪರಿಹಾರ.

200 ಮೀಟರ್ ಹುಡುಗ ಪೂರ್ತಿ ವೇಗಕ್ಕೆ ಬರಲು ಎಂಟು ವಾರ ಹಿಡಿಯಿತು. ಫಿಸಿಯೋ ಹೇಳಿದ ಹಾಗೆ ಮೊದಲು ನಡಿಗೆ, ಜಾಗಿಂಗ್, ಆಮೇಲೆ 60 ಪರ್ಸೆಂಟ್ ವೇಗದಲ್ಲಿ ಓಟ, ವಾರವಾರವೂ ಸ್ವಲ್ಪ ಏರಿಕೆ. ಮಂಡಿಯೂರಿ, ಹಿಂದಿನಿಂದ ಒಬ್ಬರು ಹಿಮ್ಮಡಿ ಹಿಡಿದುಕೊಂಡು, ದೇಹವನ್ನು ನಿಧಾನವಾಗಿ ಮುಂದಕ್ಕೆ ಬಿಡುವ ನಾರ್ಡಿಕ್ ವ್ಯಾಯಾಮ ಅವನಿಗೆ ಮಾತ್ರ ಅಲ್ಲ, ನಾಲ್ವರಿಗೂ ಶುರು ಮಾಡಿಸಿದೆ. ಮೊದಲ ವಾರ ಎಲ್ಲರೂ ನನ್ನನ್ನು ಬೈದುಕೊಂಡೇ ಮೆಟ್ಟಿಲು ಇಳಿದರು. ಅವನ ಹಿಮ್ಮಡಿ ಹಿಡಿಯುವ ಕೆಲಸ ನನ್ನದೇ ಆಗಿತ್ತು, ಅದನ್ನು ಬೇರೆಯವರಿಗೆ ಬಿಡಲಿಲ್ಲ.

ದೊಡ್ಡ ಮೀಟ್, ಅಂದರೆ ಸ್ಪರ್ಧೆ, ಹತ್ತಿರ ಬಂದಾಗ ಇನ್ನೊಂದು ತಪ್ಪು ಮಾಡಿದೆ. ಮೊದಲು ಬಂದ ಚಿಕ್ಕ ಮೀಟ್‌ಗೆ ಹತ್ತು ದಿನ ಎಲ್ಲವನ್ನೂ ಇಳಿಸಿಬಿಟ್ಟೆ. ಓಟದ ಸಂಖ್ಯೆಯೂ ಕಡಿಮೆ, ವೇಗವೂ ಕಡಿಮೆ. ಚೆನ್ನಾಗಿ ಆರಿಕೊಂಡು ಹೋಗಲಿ ಅಂತ. ಹೋಗಿ ನಿಂತರೆ ಎಲ್ಲರ ಕಾಲೂ ಭಾರ, ನಿದ್ದೆಯಿಂದ ಎದ್ದ ಹಾಗೆ. ವೇಗ ಅನ್ನೋದು ಬಳಸದಿದ್ದರೆ ಬೇಗ ಮಂಕಾಗುತ್ತದೆ. ದೊಡ್ಡ ಮೀಟ್‌ಗೆ ಬದಲಾಯಿಸಿದೆ. ಕೊನೆಯ ಹನ್ನೆರಡು ದಿನ ಓಟದ ಸಂಖ್ಯೆ ಅರ್ಧಕ್ಕಿಂತ ಕಡಿಮೆ, ಆದರೆ ಓಡಿದ್ದೆಲ್ಲ ಪೂರ್ತಿ ವೇಗ. ಭಾರದ ಸ್ಕ್ವಾಟ್ ಹತ್ತು ದಿನ ಮುಂಚೆಯೇ ಬಂದ್. ಮೀಟ್‌ಗೆ ಎರಡು ದಿನ ಮುಂಚೆ ಬ್ಲಾಕ್‌ನಿಂದ 30 ಮೀಟರ್ ಎರಡೇ ಎರಡು. ಆ ವಾರ ಅವರಿಗೆ ಮೈಯೆಲ್ಲ ತುರಿಕೆ ಬಂದ ಹಾಗೆ, ಓಡಬೇಕು ಅನ್ನೋ ಚಡಪಡಿಕೆ. ‘ಇನ್ನೊಂದು ಓಡ್ಲಾ ಸಾರ್’ ಅಂತ ಯಾರೂ ಕೇಳಲಿಲ್ಲ. ಕೇಳಿದ ಹಾಗೆ ಮುಖ ಮಾತ್ರ ಮಾಡಿದರು.

ಮೀಟ್‌ನಲ್ಲಿ ಉದ್ದ ಕಾಲಿನ ಹುಡುಗ ಹೀಟ್ಸ್‌ನಲ್ಲಿ 11.19, ಫೈನಲ್‌ನಲ್ಲಿ 11.12. ಹಿಂಗಾಳಿ ಸೆಕೆಂಡಿಗೆ 2.0 ಮೀಟರ್ ಮಿತಿಯೊಳಗೇ ಇತ್ತು, ಆದ್ದರಿಂದ ಟೈಮಿಂಗ್ ಲೆಕ್ಕಕ್ಕೆ ಬಂತು. ಪದಕ ಬರಲಿಲ್ಲ, ಐದನೆಯವನಾದ. ಗಿಡ್ಡ ಹುಡುಗಿ 12.58ರಿಂದ 12.41ಕ್ಕೆ ಬಂದಳು. ಅವಳನ್ನು ದಾಟಿ ಹೋಗುವವರು ಈಗ 60ರಲ್ಲಿ ಅಲ್ಲ, 80ರಲ್ಲಿ ದಾಟುತ್ತಾರೆ. ಹೊಸ ಹುಡುಗಿಗೆ ಈ ಸಲ ಏನೂ ಇಳಿಯಲಿಲ್ಲ. ನೂರನೇ ಒಂದು ಸೆಕೆಂಡ್ ಏರಿತು. ಪುಕ್ಕಟೆ ಬರುವ ಸುಧಾರಣೆ ಅವಳಿಗೆ ಮುಗಿದಿದೆ, ಈಗ ಅವಳಿಗೂ ನಿಜವಾದ ಪ್ರೋಗ್ರಾಂ ಬೇಕು. ಅವಳ ಫ್ಲೈಯಿಂಗ್ 30 ಇಳಿದಿದೆ, 100 ಮೀಟರ್ ಮಾತ್ರ ಇಳಿದಿಲ್ಲ. ವೇಗ ಎಲ್ಲಿ ಸೋರುತ್ತಿದೆ ಅಂತ ನೋಡಲು ವಿಡಿಯೋ ಇಟ್ಟುಕೊಂಡು ಹೆಜ್ಜೆ ಎಣಿಸುತ್ತಿದ್ದೇನೆ. 70ರ ನಂತರ ಹೆಜ್ಜೆಯ ಉದ್ದ ಹೆಚ್ಚಾಗುತ್ತದೆ, ಸಂಖ್ಯೆ ಬೀಳುತ್ತದೆ. ಗೆರೆ ಹತ್ತಿರ ಬಂತು ಅಂತ ಚಾಚಿಕೊಂಡು ಓಡುತ್ತಾಳೆ. ಇರಬಹುದು, ಇನ್ನೇನೋ ಇರಬಹುದು.

200 ಮೀಟರ್ ಹುಡುಗನನ್ನು ಆ ಮೀಟ್‌ನಲ್ಲಿ ಓಡಿಸಲಿಲ್ಲ. ಓಡುತ್ತೇನೆ ಅಂದ, ನಾನು ಬೇಡ ಅಂದೆ. ಅದಾಗಿ ಎರಡು ವಾರಕ್ಕೆ ಅವನ ಮೊದಲ ಫ್ಲೈಯಿಂಗ್ 30 ಇತ್ತು. ಮೂರು ಓಡಿದ. ಮೂರನೆಯದು ಒಳ್ಳೆಯದು, ಗಾಯಕ್ಕೆ ಮುಂಚಿನ ಟೈಮಿಂಗ್‌ನ ಹತ್ತಿರ ಹತ್ತಿರ. ಸದ್ದು ಕೇಳಿದೆ, ಟಕ್ ಟಕ್ ಅಂತಲೇ ಇತ್ತು. ನಿಯಮದ ಪ್ರಕಾರ ಇನ್ನೂ ಓಡಬಹುದಿತ್ತು. ನಾನು ಏನಾದರೂ ಹೇಳುವ ಮುಂಚೆಯೇ ಅವನು ಬೆಂಚಿಗೆ ಹೋಗಿ ಕೂತು ಸ್ಪೈಕ್ಸ್‌ನ ಲೇಸ್ ಬಿಚ್ಚತೊಡಗಿದ.

‘ಯಾಕೋ, ಹಿಡಿದುಕೊಳ್ತಾ?’

‘ಇಲ್ಲ ಸಾರ್. ಚೆನ್ನಾಗಿದೆ. ಅದಕ್ಕೇ.’